‘ಕ್ಲೂಡ್ ಅಪ್’ ಅಂದರೇನು, ಎಲ್ಲಿ ಹೇಳಬೇಕು, ಎಲ್ಲಿ ಬೇಡ: ಸಮಗ್ರ ಮಾರ್ಗದರ್ಶಿ

ಹೋದ ಮಳೆಗಾಲದಲ್ಲಿ ಒಂದು ಸಂಜೆ ನನ್ನ ಇಂಗ್ಲಿಷ್ ಕ್ಲಾಸಿಗೆ ಬರುವ ಹುಡುಗಿಯೊಬ್ಬಳು ಬಾಗಿಲಲ್ಲೇ ನಿಂತು ಕೇಳಿದಳು, "ಮೇಡಂ, ಗ್ಲೂಡ್ ಅಪ್ ಅಂದ್ರೆ ಬೈಗುಳವಾ?" ಅವಳು ಮಂಗಳೂರಿನ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ದಿನವಿಡೀ ಬ್ರಿಟನ್ನಿನ ಕಸ್ಟಮರ್‌ಗಳ ಜೊತೆ ಫೋನಿನಲ್ಲಿ ಮಾತು. ಆವತ್ತು ಒಬ್ಬ ಹೆಂಗಸು ಕರೆ ಮುಗಿಸುವಾಗ "ಯು ಆರ್ ವೆರಿ ಕ್ಲೂಡ್ ಅಪ್, ಥ್ಯಾಂಕ್ ಯು" ಅಂದಿದ್ದರು. ಇವಳಿಗೆ ಕೇಳಿಸಿದ್ದು ಗ್ಲೂಡ್. ಗ್ಲೂ ಅಂದರೆ ಗಮ್ ಅಲ್ವಾ, ಅಂಟಿಕೊಂಡು ಕೂತಿದ್ದೀಯಾ ಅಂದರೋ, ತಡ ಮಾಡಿದೆ ಅಂದರೋ ಅಂತ ಮುಲ್ಕಿ, ಪಡುಬಿದ್ರಿ, ಕಾಪು ದಾಟಿ ಉಡುಪಿಯಲ್ಲಿ ಬಸ್ಸು ಇಳಿಯುವವರೆಗೂ ಅದನ್ನೇ ತಲೆಯಲ್ಲಿ ತಿರುಗಿಸುತ್ತಾ ಬಂದಿದ್ದಳು. ಪಾಪ, ಅವಳಿಗೆ ಸಿಕ್ಕಿದ್ದು ಒಳ್ಳೆಯ ಹೊಗಳಿಕೆ.

ಈ ಪದ ನಮ್ಮ ಪಠ್ಯಪುಸ್ತಕಗಳಲ್ಲಿ ಸಿಗುವುದು ಕಡಿಮೆ. ಇಲ್ಲಿಯ ಆಫೀಸುಗಳ ಇಂಗ್ಲಿಷಿನಲ್ಲೂ ಅಷ್ಟಾಗಿ ಕೇಳಿಸುವುದಿಲ್ಲ. ಆದರೆ ಬ್ರಿಟನ್ನಿನವರ ಜೊತೆ ಮಾತಾಡುವವರಿಗೆ, ಓದಲು ಅಲ್ಲಿಗೆ ಹೊರಟವರಿಗೆ ಯಾವತ್ತಾದರೂ ಎದುರಾಗಿಯೇ ಆಗುತ್ತದೆ. ಅದಕ್ಕೆ ಆವತ್ತು ಇಡೀ ಕ್ಲಾಸನ್ನು ಇದೊಂದೇ ಪದಕ್ಕೆ ಕೊಟ್ಟೆ. ಅಲ್ಲಿ ಹೇಳಿದ್ದನ್ನು, ಆಮೇಲೆ ನೆನಪಾದದ್ದನ್ನು ಸೇರಿಸಿ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಹಂತ 1: ಅರ್ಥವನ್ನು ಒಬ್ಬ ಮನುಷ್ಯನ ಮೇಲೆ ಕೂರಿಸಿ

ಕ್ಲೂಡ್ ಅಪ್ ಅಂದರೆ ಯಾವುದೋ ಒಂದು ವಿಷಯದ ಬಗ್ಗೆ ಚೆನ್ನಾಗಿ ಗೊತ್ತಿರುವವರು, ಅದರ ಒಳಹೊರಗು ಬಲ್ಲವರು, ಈ ಹೊತ್ತಿಗೆ ಅಲ್ಲಿ ಏನು ನಡೆಯುತ್ತಿದೆ ಅಂತಲೂ ತಿಳಿದವರು. ಅರ್ಥ ಇಷ್ಟೇ. ಆದರೆ ಇದನ್ನು ಬಾಯಿಪಾಠ ಮಾಡಿದರೆ ನಾಳೆಗೆ ಮರೆತುಹೋಗುತ್ತದೆ. ನಿಮಗೆ ಗೊತ್ತಿರುವ ಒಬ್ಬರ ಮುಖವನ್ನು ಅದಕ್ಕೆ ಅಂಟಿಸಿಕೊಳ್ಳಿ.

ನನಗೆ ಈ ಪದ ಅಂದ ಕೂಡಲೇ ಕಾಣುವುದು ನಮ್ಮ ಮೀನು ಮಾರ್ಕೆಟ್ಟಿನ ಒಬ್ಬರು ಅಕ್ಕ. ಜೂನ್ ತಿಂಗಳ ಕೊನೆಯಲ್ಲಿ ಒಮ್ಮೆ ಅಂಜಲ್ ಮೀನು ತರಲು ಹೋಗಿದ್ದೆ. ಅವರ ಬುಟ್ಟಿಯಲ್ಲಿ ಅಂಜಲ್ ಇತ್ತು. ಆದರೂ ಅವರೇ ಬೇಡ ಅಂದರು. ಒಂದು ಮೀನನ್ನು ಎತ್ತಿ ಕಿವಿರನ್ನು ಬೆರಳಲ್ಲಿ ಬಿಡಿಸಿ ತೋರಿಸಿದರು. ಕೆಂಪು ಹೋಗಿ ಕಂದು ಬಂದಿತ್ತು. ಹೊಟ್ಟೆಯ ಹತ್ತಿರ ಹೆಬ್ಬೆರಳು ಒತ್ತಿದರು, ಒತ್ತಿದ ಗುಂಡಿ ಹಾಗೆಯೇ ಉಳಿಯಿತು. "ಇದು ಐಸಿನಲ್ಲಿ ಆಚೆ ಕರಾವಳಿಯಿಂದ ಬಂದದ್ದು, ನಮ್ಮ ಬೋಟುಗಳೆಲ್ಲ ಈಗ ದಡದಲ್ಲುಂಟಲ್ಲ" ಅಂದರು. ನಮ್ಮ ಕಡೆ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷೇಧ. ಪೂರ್ವ ಕರಾವಳಿಯಲ್ಲಿ ಅದು ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೆ ಮುಗಿಯುತ್ತದೆ. ಹಾಗಾಗಿ ಜೂನ್ ಕೊನೆಗೆ ಅಲ್ಲಿಯ ಬೋಟುಗಳು ಕಡಲಿಗೆ ಇಳಿದಿರುತ್ತವೆ, ಇಲ್ಲಿಯವು ಬಂದರಿನ ಧಕ್ಕೆಯಲ್ಲಿ ಕಟ್ಟಿರುತ್ತವೆ. ಈ ಲೆಕ್ಕವನ್ನು ಅವರು ಯಾವ ಪುಸ್ತಕದಲ್ಲೂ ಓದಿದ್ದಲ್ಲ. ನಾಡದೋಣಿಯವರು ಬೆಳಿಗ್ಗೆ ಏನು ತಂದರು, ಬಂಗುಡೆಗೆ ಈವತ್ತು ಎಷ್ಟು ರೇಟು, ನಾಳೆ ಬೂತಾಯಿ ಬರಬಹುದಾ, ಎಲ್ಲ ಬಾಯಿಯ ತುದಿಯಲ್ಲಿ. ಇಂಗ್ಲಿಷಿನಲ್ಲಿ ಅವರನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ: ಶಿ ಈಸ್ ರಿಯಲಿ ಕ್ಲೂಡ್ ಅಪ್ ಅಬೌಟ್ ಫಿಶ್.

ಇಲ್ಲಿ ಮೂರು ಅಂಶ ಗಮನಿಸಿ. ಒಂದು, ಈ ಪದಕ್ಕೆ ಡಿಗ್ರಿ ಬೇಡ. ಎರಡು, ತಿಳಿವಳಿಕೆ ತಾಜಾ ಇರಬೇಕು. ಹತ್ತು ವರ್ಷದ ಹಿಂದಿನ ಮೀನಿನ ರೇಟು ಹೇಳುವವರು ಕ್ಲೂಡ್ ಅಪ್ ಅಲ್ಲ. ಮೂರು, ಆ ತಿಳಿವಳಿಕೆ ಕೆಲಸಕ್ಕೆ ಬರುವಂಥದ್ದಾಗಿರಬೇಕು, ನನ್ನನ್ನು ಹಳಸಿದ ಮೀನಿನಿಂದ ಉಳಿಸಿತಲ್ಲ, ಹಾಗೆ.

ಹಂತ 2: ಪದ ಎಲ್ಲಿಂದ ಬಂತು ಅಂತ ಒಮ್ಮೆ ನೋಡಿಕೊಳ್ಳಿ

ಕ್ಲೂ ಅಂದರೆ ಸುಳಿವು ಅಂತ ನಮಗೆಲ್ಲ ಗೊತ್ತು. ಆದರೆ ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ನೂಲಿನ ಉಂಡೆ ಅಂತ ಅರ್ಥ ಇತ್ತು. ಆಗ ಸ್ಪೆಲಿಂಗ್ ಕೂಡ ಬೇರೆ, ಸಿ-ಎಲ್-ಇ-ಡಬ್ಲ್ಯು. ಗ್ರೀಕರ ಕಥೆಯಲ್ಲಿ ಕ್ರೀಟ್ ದ್ವೀಪದಲ್ಲಿ ಒಂದು ಚಕ್ರವ್ಯೂಹದಂಥ ಕಟ್ಟಡ ಇದೆ, ಒಳಗೆ ಗೂಳಿ ತಲೆಯ ರಾಕ್ಷಸ ಮಿನೊಟಾರ್. ಅವನನ್ನು ಕೊಲ್ಲಲು ಹೊರಟ ಥೀಸಿಯಸ್‌ಗೆ ರಾಜಕುಮಾರಿ ಅರಿಯಾಡ್ನೆ ಒಂದು ನೂಲಿನ ಉಂಡೆ ಕೊಡುತ್ತಾಳೆ. ಬಿಚ್ಚುತ್ತಾ ಒಳಗೆ ಹೋಗು, ಅದನ್ನೇ ಹಿಡಿದು ಹೊರಗೆ ಬಾ ಅಂತ. ನಮ್ಮ ಅಭಿಮನ್ಯುವಿಗೆ ಅಂಥ ನೂಲು ಕೊಡುವವರು ಯಾರೂ ಇರಲಿಲ್ಲ ನೋಡಿ. ಇಂಥ ಕಥೆಯಿಂದಾಗಿ ನೂಲಿನ ಉಂಡೆ ಅನ್ನುವ ಪದ ನಿಧಾನಕ್ಕೆ ದಾರಿ ತೋರಿಸುವ ಸುಳಿವು ಅನ್ನುವ ಅರ್ಥಕ್ಕೆ ಬಂತು, 17ನೇ ಶತಮಾನದ ಹೊತ್ತಿಗೆ ಆ ಅರ್ಥ ಗಟ್ಟಿಯಾಗಿತ್ತು. ಹಳೆಯ ಸ್ಪೆಲಿಂಗ್ ಪೂರ್ತಿ ಸತ್ತಿಲ್ಲ. ಹಾಯಿದೋಣಿಯ ಹಾಯಿಗೆ ಕೆಳಗಡೆ ಹಗ್ಗ ಕಟ್ಟುವ ಮೂಲೆ ಇರುತ್ತದಲ್ಲ, ಅದನ್ನು ಇಂಗ್ಲಿಷಿನಲ್ಲಿ ಇವತ್ತಿಗೂ ಅದೇ ಹಳೆಯ ಸ್ಪೆಲಿಂಗಿನಲ್ಲಿ ಕ್ಲೂ ಅಂತಲೇ ಬರೆಯುತ್ತಾರೆ.

ನಾವು ಕೂಡ ಎಳೆ ಹಿಡಿದು ಹೋದೆ, ಎಳೆ ಸಿಕ್ಕಿತು ಅನ್ನುತ್ತೇವೆ. ಹಾಗಾದರೆ ಕ್ಲೂಡ್ ಅಪ್ ಅಂದರೆ ಎಳೆಯೆಲ್ಲ ಕೈಯಲ್ಲಿ ಇರುವವರು ಅಂತ ನೆನಪಿಟ್ಟುಕೊಳ್ಳಿ. ಒಂದು ಸುಳಿವು ಸಿಕ್ಕಿದವರಲ್ಲ. ಈ ತಪ್ಪನ್ನು ಬಹಳ ಜನ ಮಾಡುತ್ತಾರೆ, ಪದಬಂಧದಲ್ಲಿ ಕ್ಲೂ ಕೊಟ್ಟ ಹಾಗೆ ಯಾರೋ ಕಿವಿಯಲ್ಲಿ ಹೇಳಿಕೊಟ್ಟರು ಅಂತ ಅರ್ಥ ಮಾಡಿಕೊಳ್ಳುತ್ತಾರೆ.

ಹಂತ 3: ವಾಕ್ಯ ಕಟ್ಟುವಾಗ ‘ಗೊತ್ತುಂಟು’ ಅನ್ನು ಪಕ್ಕಕ್ಕೆ ಇಡಿ

ನಮ್ಮವರು ಜಾಸ್ತಿ ಎಡವುವುದು ಇಲ್ಲಿ. ಕಾರಣ ಕನ್ನಡದಲ್ಲೇ ಇದೆ. ನಾವು "ಅವರಿಗೆ ಗೊತ್ತುಂಟು" ಅನ್ನುತ್ತೇವೆ, ತುಳುವಿನಲ್ಲೂ "ಎಂಕ್ ಗೊತ್ತುಂಡು" ಅನ್ನುತ್ತೇವೆ. ಅವರಿಗೆ, ನನಗೆ. ತಿಳಿವಳಿಕೆ ಅನ್ನುವುದು ನಮ್ಮ ಹತ್ತಿರ ಇರುವ ಒಂದು ವಸ್ತು ಅನ್ನುವ ಹಾಗೆ. ಅದೇ ತಲೆಯಲ್ಲಿ ಇಟ್ಟುಕೊಂಡು ಇಂಗ್ಲಿಷಿಗೆ ಹೋದಾಗ "ಶಿ ಹ್ಯಾಸ್ ಕ್ಲೂಡ್ ಅಪ್" ಅಂತಲೋ "ಶಿ ಈಸ್ ಹ್ಯಾವಿಂಗ್ ಕ್ಲೂ" ಅಂತಲೋ ಬಾಯಿಗೆ ಬರುತ್ತದೆ. ಎರಡೂ ಸರಿಯಲ್ಲ. ಕ್ಲೂಡ್ ಅಪ್ ಒಂದು ಗುಣವಾಚಕ. ಎತ್ತರ, ಕುಳ್ಳ, ಜಾಣ ಇದ್ದ ಹಾಗೆ. ಅವಳು ಜಾಣೆ ಅನ್ನುವಾಗ "ಶಿ ಈಸ್ ಕ್ಲೆವರ್" ಅನ್ನುತ್ತೀರಲ್ಲ, ಆ ಜಾಣೆಯ ಜಾಗದಲ್ಲಿ ಇದನ್ನು ಇಡಿ. ಶಿ ಈಸ್ ಕ್ಲೂಡ್ ಅಪ್. ಮುಗಿಯಿತು.

ಕೊನೆಯ ‘ಡ್’ ನೋಡಿ ಇದು ಭೂತಕಾಲ ಅಂತ ಹೆದರಬೇಡಿ. ಟಯರ್ಡ್ ಅನ್ನುವಲ್ಲೂ ಹಾಗೆಯೇ ಇದೆ. ನಿನ್ನೆ ಗೊತ್ತಿತ್ತು ಅನ್ನಬೇಕಾದರೆ ‘ಈಸ್’ ಅನ್ನು ‘ವಾಸ್’ ಮಾಡಿ, ಕ್ಲೂಡ್ ಅಪ್ ಅನ್ನು ಮುಟ್ಟಬೇಡಿ.

ಕ್ಲೂ ಅಪ್ ಅಂತ ಕ್ರಿಯಾಪದವಾಗಿ ಬಳಸುವವರೂ ಇದ್ದಾರೆ, ಕಡಿಮೆ. ಹೊಸಬರು ಅದನ್ನು ಬಿಟ್ಟು ‘ಗೆಟ್ ಕ್ಲೂಡ್ ಅಪ್’ ಅನ್ನಿ, ಅಂದರೆ ತಿಳಿದುಕೊಳ್ಳುವುದು. "ಐ ನೀಡ್ ಟು ಗೆಟ್ ಕ್ಲೂಡ್ ಅಪ್ ಬಿಫೋರ್ ದ ಮೀಟಿಂಗ್" ಅಂದರೆ ಮೀಟಿಂಗಿಗೆ ಮೊದಲು ನಾನು ಸ್ವಲ್ಪ ವಿಷಯ ತಿಳಿದುಕೊಳ್ಳಬೇಕು. ‘ಕೀಪ್’ ಮತ್ತು ‘ಸ್ಟೇ’ ಕೂಡ ಇದಕ್ಕೆ ಹೊಂದುತ್ತವೆ. ಮಾತು ಕೇಳಿ ಅಂದಾಜು ಮಾಡಿದ್ದಾದರೆ ‘ಸೀಮ್ಸ್’ ಅಥವಾ ‘ಸೌಂಡ್ಸ್’: ಹಿ ಸೌಂಡ್ಸ್ ಪ್ರೆಟಿ ಕ್ಲೂಡ್ ಅಪ್.

ಹಂತ 4: ಯಾವುದರ ಬಗ್ಗೆ ಅಂತ ಹೇಳಿ

ಸುಮ್ನೆ "ಹಿ ಈಸ್ ಕ್ಲೂಡ್ ಅಪ್" ಅಂತ ಬಿಟ್ಟರೆ ತಪ್ಪಲ್ಲ, ಮಾತಿನ ಸಂದರ್ಭದಲ್ಲಿ ವಿಷಯ ಗೊತ್ತಿದ್ದರೆ ಅಷ್ಟು ಸಾಕು. ಆದರೆ ಈ ಪದಕ್ಕೆ ಜೀವ ಬರುವುದು ವಿಷಯ ಸೇರಿದಾಗ. ಕನ್ನಡದಲ್ಲಿ "ಅವರಿಗೆ ಗೊತ್ತುಂಟು" ಅಂದರೆ "ಎಂಥದು ಮಾರಾಯ್ರೆ?" ಅಂತ ಕೇಳುತ್ತೇವಲ್ಲ, ಹಾಗೆಯೇ.

ವಿಷಯ ಸೇರಿಸಲು ಎರಡೇ ಪದ ಸಾಕು: ‘ಅಬೌಟ್’ ಅಥವಾ ‘ಆನ್’. ಎರಡರಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. "ಕ್ಲೂಡ್ ಅಪ್ ಇನ್", "ಕ್ಲೂಡ್ ಅಪ್ ವಿತ್" ಬೇಡ. ‘ಎಕ್ಸ್‌ಪರ್ಟ್ ಇನ್’ ಕೇಳಿ ಕೇಳಿ ಈ ‘ಇನ್’ ಬಾಯಿಗೆ ಬರುತ್ತದೆ, ಹುಷಾರು.

ನಮ್ಮೂರಿನದ್ದೇ ಒಂದು ಉದಾಹರಣೆ ಕಟ್ಟೋಣ. ಕಂಬಳದ ಕರೆಯ, ಅಂದರೆ ಕೋಣಗಳು ಓಡುವ ಕೆಸರಿನ ಕಣದ, ಪಕ್ಕದಲ್ಲಿ ನಿಂತು ಓಟಗಳಲ್ಲಿ ಹಗ್ಗ ಯಾವುದು, ನೇಗಿಲು ಯಾವುದು, ಅಡ್ಡ ಹಲಗೆ ಯಾವುದು, ಕನೆ ಹಲಗೆಯಲ್ಲಿ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಗೆ ಮುಟ್ಟಿತಾ ಇಲ್ಲವಾ ಅಂತ ಪಕ್ಕದವರಿಗೆ ಬಿಡಿಸಿ ಹೇಳುವ ಒಬ್ಬರು ಎಲ್ಲ ಕಂಬಳದಲ್ಲೂ ಇರುತ್ತಾರೆ. ಅವರ ಬಗ್ಗೆ: ಹಿ ಈಸ್ ರಿಯಲಿ ಕ್ಲೂಡ್ ಅಪ್ ಆನ್ ಕಂಬಳ. ಕೋಣಗಳನ್ನು ಸಾಕಿದವರೇ ಆಗಬೇಕಿಲ್ಲ. ಓಡಿಸಿದವರೂ ಆಗಬೇಕಿಲ್ಲ.

ಎಷ್ಟು ಗೊತ್ತು ಅನ್ನಲು ‘ವೆರಿ’, ‘ರಿಯಲಿ’, ‘ಪ್ರೆಟಿ’, ‘ಫೇರ್ಲಿ’ ಮುಂದೆ ಹಾಕಿ. ಹೋಲಿಸುವಾಗ ‘ಮೋರ್ ಕ್ಲೂಡ್ ಅಪ್’ ಅಥವಾ ‘ಬೆಟರ್ ಕ್ಲೂಡ್ ಅಪ್’. ಕ್ಲೂಡರ್ ಅಂತ ಪದ ಇಲ್ಲ.

ಹಂತ 5: ಗೆರೆ ಎಲ್ಲಿ ಹಾಕಬೇಕು

ಬರೆಯುವವರಿಗೆ ಮಾತ್ರ ಇದು. ಪದ ನಾಮಪದದ ಮೊದಲು ಬಂದರೆ ನಡುವೆ ಸಣ್ಣ ಅಡ್ಡಗೆರೆ ಹಾಕುವುದು ರೂಢಿ: ಎ ಕ್ಲೂಡ್-ಅಪ್ ಕಸ್ಟಮರ್. ಕ್ರಿಯಾಪದದ ಆಮೇಲೆ ಬಂದರೆ ಸಾಮಾನ್ಯವಾಗಿ ಬೇಡ: ದ ಕಸ್ಟಮರ್ ವಾಸ್ ಕ್ಲೂಡ್ ಅಪ್. ಸ್ಪೆಲಿಂಗ್ ಸಿ-ಎಲ್-ಯು-ಇ-ಡಿ, ಆಮೇಲೆ ಯು-ಪಿ. ‘ಇ’ ಬಿಟ್ಟು ಬರೆಯುವವರನ್ನು ನೋಡಿದ್ದೇನೆ.

ಹಂತ 6: ಬಾಯಿಬಿಟ್ಟು ಹೇಳಿ ನೋಡಿ

‘ಕ್ಲೂ’ ದೀರ್ಘ. ‘ಡ್’ ಮುಂದಿನ ‘ಅ’ಗೆ ಅಂಟಿಕೊಂಡು ಕ್ಲೂಡಪ್ ಅಂತ ಒಂದೇ ಉಸಿರಿನಲ್ಲಿ ಬರುತ್ತದೆ. ವಾಕ್ಯದ ಕೊನೆಯಲ್ಲಿ ಬಂದಾಗ ಒತ್ತು ‘ಅಪ್’ ಮೇಲೆ ಜಾಸ್ತಿ. ಕಸ್ಟಮರ್ ಅಂತ ಮುಂದೆ ಇನ್ನೊಂದು ಪದ ಇದ್ದಾಗ ಒತ್ತು ‘ಕ್ಲೂಡ್’ ಮೇಲೆ ಹೋಗುತ್ತದೆ. ನಮ್ಮ ಹುಡುಗಿಗೆ ಆದ ಹಾಗೆ ‘ಕ’ ಮತ್ತು ‘ಗ’ ಫೋನಿನಲ್ಲಿ ಕಲಸಿಹೋಗುವುದುಂಟು. ಆಗ ಮುಂದಿನ ಪದ ಕೇಳಿ. ‘ಗ್ಲೂಡ್ ಟು’ ಅಂದರೆ ಮೊಬೈಲಿಗೋ ಟಿವಿಗೋ ಅಂಟಿಕೊಂಡವರು. ‘ಟು’ ಇಲ್ಲ, ‘ಅಪ್’ ಇದೆ, ಮಾತು ವ್ಯಕ್ತಿಯ ತಿಳಿವಳಿಕೆಯ ಬಗ್ಗೆ ಇದೆ ಅಂದರೆ ಅದು ಕ್ಲೂಡ್ ಅಪ್.

ಹಂತ 7: ನಿಮ್ಮ ಬಗ್ಗೆ ಹೇಳುವಾಗ ‘ನಾಟ್ ವೆರಿ’ ಸೇರಿಸಿ

ಇದು ನನ್ನ ಮಟ್ಟಿಗೆ ಇಡೀ ಮಾರ್ಗದರ್ಶಿಯಲ್ಲಿ ಅತಿ ಉಪಯೋಗದ ಮಾತು. ಇನ್ನೊಬ್ಬರ ಬಗ್ಗೆ ಕ್ಲೂಡ್ ಅಪ್ ಅಂದರೆ ಹೊಗಳಿಕೆ. ತನ್ನ ಬಗ್ಗೆ ತಾನೇ "ಐ ಆಮ್ ವೆರಿ ಕ್ಲೂಡ್ ಅಪ್" ಅಂದರೆ ಸ್ವಲ್ಪ ಕೊಚ್ಚಿಕೊಂಡ ಹಾಗೆ ಕೇಳುತ್ತದೆ. ಆದರೆ "ಐ ಆಮ್ ನಾಟ್ ವೆರಿ ಕ್ಲೂಡ್ ಅಪ್ ಆನ್ ದಿಸ್" ಅಂದು ನೋಡಿ. ನನಗೆ ಇದರ ಬಗ್ಗೆ ಅಷ್ಟಾಗಿ ಗೊತ್ತಿಲ್ಲ ಅನ್ನುವುದನ್ನು ಇಷ್ಟು ಸಲೀಸಾಗಿ, ಮುಖ ಕೆಡಿಸಿಕೊಳ್ಳದೆ ಹೇಳುವ ಮಾತು ಬೇರೆ ಸಿಗುವುದು ಕಷ್ಟ. ಅಲ್ಲಿಯವರು ಇದನ್ನು ತುಂಬಾ ಹೇಳುತ್ತಾರೆ. ಕಾರಿನ ಬಗ್ಗೆ, ಟ್ಯಾಕ್ಸಿನ ಬಗ್ಗೆ, ಕಂಪ್ಯೂಟರಿನ ಬಗ್ಗೆ.

ನಮ್ಮ ಮಕ್ಕಳಿಗೆ "ಐ ಡೋಂಟ್ ನೋ" ಅನ್ನಲು ಭಯ. ಗೊತ್ತಿಲ್ಲ ಅಂದರೆ ದಡ್ಡ ಅಂದುಕೊಳ್ಳುತ್ತಾರೆ ಅಂತ ಏನಾದರೊಂದು ಹೇಳಿಬಿಡುತ್ತಾರೆ. ಆ ಭಯ ನೋಡಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಅದಕ್ಕೆ ಈ ವಾಕ್ಯವನ್ನು ಎಲ್ಲರಿಗೂ ಬಾಯಿಪಾಠ ಮಾಡಿಸುತ್ತೇನೆ, ಜೊತೆಗೆ ಒಂದು ಬಾಲ: "ಲೆಟ್ ಮಿ ಚೆಕ್ ಅಂಡ್ ಗೆಟ್ ಬ್ಯಾಕ್ ಟು ಯು". ಎರಡೂ ಸೇರಿದರೆ ಮಾತು ಗೌರವವಾಗಿಯೇ ಉಳಿಯುತ್ತದೆ.

ಎದುರಿನವರಿಗೆ "ಆರ್ ಯು ಕ್ಲೂಡ್ ಅಪ್ ಆನ್ ದಿಸ್?" ಅಂತ ನೇರವಾಗಿ ಕೇಳುವಾಗ ಮಾತ್ರ ಜಾಗ್ರತೆ. ಸ್ನೇಹಿತರ ನಡುವೆ ಸರಿ. ಹಿರಿಯರನ್ನೋ ಕಸ್ಟಮರನ್ನೋ ಹಾಗೆ ಕೇಳಿದರೆ ಇವರಿಗೆ ಗೊತ್ತುಂಟಾ ಅಂತ ಸಂಶಯ ಪಟ್ಟ ಹಾಗಾಗುತ್ತದೆ.

ಹಂತ 8: ಎಲ್ಲಿ ಹೇಳಬಾರದು

ನಿಘಂಟುಗಳು ಈ ಪದದ ಮುಂದೆ ‘ಇನ್ಫಾರ್ಮಲ್’ ಅಂತ ಹಾಕುತ್ತವೆ. ಬ್ರಿಟಿಷ್ ಬಳಕೆ ಅಂತಲೂ. ಅಂದರೆ ಮನೆಮಾತು, ಟೀ ಕುಡಿಯುವಾಗಿನ ಮಾತು, ಗುರುತಿದ್ದವರಿಗೆ ಬರೆಯುವ ಮೆಸೇಜು.

ಎರಡು ವರ್ಷದ ಹಿಂದೆ ನನ್ನ ಕ್ಲಾಸಿನ ಹುಡುಗನೊಬ್ಬ ಒಂದು ಕಂಪನಿಗೆ ಅರ್ಜಿ ಬರೆದ. ನಾನು ಕಲಿಸಿದ ಹೊಸ ಪದ ಅಂತ ಖುಷಿಯಿಂದ ಮೊದಲ ಸಾಲಿನಲ್ಲೇ "ಐ ಆಮ್ ಎ ಕ್ಲೂಡ್-ಅಪ್ ಕ್ಯಾಂಡಿಡೇಟ್" ಅಂತ ಹಾಕಿದ್ದ. ಇಂಟರ್‌ವ್ಯೂನಲ್ಲಿ ಆ ಸಾಲನ್ನೇ ಓದಿ ತೋರಿಸಿ, ಇದು ಸ್ನೇಹಿತರಿಗೆ ಬರೆಯುವ ಭಾಷೆ ಅಂದರಂತೆ. ವ್ಯಾಕರಣ ಪೂರ್ತಿ ಸರಿ ಇತ್ತು. ಜಾಗ ಸರಿ ಇರಲಿಲ್ಲ. ಎಲ್ಲಿ ಬಳಸಬೇಕು ಅಂತ ನಾನು ಹೇಳಿದ್ದೆ, ಎಲ್ಲಿ ಬೇಡ ಅಂತ ಹೇಳಿರಲಿಲ್ಲ. ಆಮೇಲಿಂದ ಎರಡನ್ನೂ ಒಟ್ಟಿಗೇ ಹೇಳುತ್ತೇನೆ.

ಅರ್ಜಿ, ಆಫೀಸಿನ ವರದಿ, ಕಾಲೇಜಿನ ಪ್ರಬಂಧ, ಹೊರದೇಶಕ್ಕೆ ಓದಲು ಹೋಗುವವರು ಕೊಡುವ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ಪ್ರಬಂಧ, ಇಲ್ಲೆಲ್ಲ ‘ವೆಲ್ ಇನ್ಫಾರ್ಮ್ಡ್’ ಅಥವಾ ‘ನಾಲೆಜಬಲ್’ ಬರೆಯಿರಿ. ಒಂದು ಸಾಫ್ಟ್‌ವೇರೋ ಕಾನೂನೋ ಗೊತ್ತು ಅನ್ನಬೇಕಾದರೆ ‘ಫೆಮಿಲಿಯರ್ ವಿತ್’ ಸಾಕು. ಅದೇ ಐಇಎಲ್‌ಟಿಎಸ್ ಪರೀಕ್ಷೆಯ ಮಾತಾಡುವ ಭಾಗದಲ್ಲಿ ಕ್ಲೂಡ್ ಅಪ್ ಅನ್ನು ಸಹಜವಾಗಿ ಹೇಳಿದರೆ ಏನೂ ತೊಂದರೆಯಿಲ್ಲ. ಅಲ್ಲಿ ಮಾತಿನ ಭಾಷೆಯನ್ನೇ ನೋಡುವುದು.

ಅಮೆರಿಕದವರ ಜೊತೆ ಮಾತಾಡುವವರಿಗೆ ಇನ್ನೊಂದು ಸಂಗತಿ. ಅಲ್ಲಿ ‘ಕ್ಲೂಡ್ ಇನ್’ ಅನ್ನುವುದು ಜಾಸ್ತಿ. "ಕ್ಲೂ ಮಿ ಇನ್" ಅಂದರೆ ನನಗೂ ಸ್ವಲ್ಪ ವಿಷಯ ಹೇಳಿ ಅಂತ.

ಹಂತ 9: ಅಕ್ಕಪಕ್ಕದ ಪದಗಳಿಂದ ಬೇರ್ಪಡಿಸಿ

ಇಲ್ಲಿ ಯಕ್ಷಗಾನ ನೆನಪಾಗುತ್ತದೆ. ಪ್ರಸಂಗದ ಪದ್ಯಗಳನ್ನೆಲ್ಲ ಓದಿ, ಪುರಾಣ ಓದಿ, ತೆಂಕುತಿಟ್ಟು ಬಡಗುತಿಟ್ಟು ಎರಡರ ಬಗ್ಗೆಯೂ ಬರೆದದ್ದನ್ನು ಓದಿಕೊಂಡವರು ಒಬ್ಬರು. ಅವರು ‘ವೆಲ್ ರೆಡ್’. ಇನ್ನೊಬ್ಬರಿಗೆ ಈವತ್ತು ರಾತ್ರಿ ಯಾವ ಮೇಳದ ಆಟ ಎಲ್ಲಿ, ಭಾಗವತರು ಯಾರು, ಆ ಗದ್ದೆಗೆ ಹೋಗಲು ಕೊನೆಯ ಬಸ್ಸು ಎಷ್ಟು ಗಂಟೆಗೆ, ಎಲ್ಲ ಗೊತ್ತು. ಅವರು ಕ್ಲೂಡ್ ಅಪ್. ಮೂರನೆಯವರು ಮೇಳದ ಒಳಗಿನವರು, ಮುಂದಿನ ವರ್ಷ ಯಾವ ಕಲಾವಿದ ಯಾವ ಮೇಳಕ್ಕೆ ಅಂತ ಹೊರಗೆ ಬೀಳುವ ಮೊದಲೇ ತಿಳಿದವರು. ಅವರು ‘ಇನ್ ದ ನೋ’. ಒಬ್ಬರಲ್ಲೇ ಮೂರೂ ಇರಬಹುದು, ಅಂಥವರ ಪಕ್ಕ ಕೂತು ಆಟ ನೋಡುವುದೇ ಒಂದು ಭಾಗ್ಯ. ಆದರೆ ಪದಗಳು ಬೇರೆ.

‘ಸ್ಯಾವಿ’ ಬಹಳ ಹತ್ತಿರದ್ದು. ಟೆಕ್ ಸ್ಯಾವಿ ಅಂತ ಇಲ್ಲೂ ಕೇಳಿರುತ್ತೀರಿ. ಅದು ತಿಳಿದಿರುವುದರ ಜೊತೆಗೆ ಚುರುಕು, ವ್ಯವಹಾರಜ್ಞಾನವನ್ನೂ ಹೇಳುತ್ತದೆ. ಪೋರ್ಚುಗೀಸ್ ಮತ್ತು ಸ್ಪ್ಯಾನಿಷ್ ಭಾಷೆಗಳಲ್ಲಿ ತಿಳಿ ಅನ್ನುವುದಕ್ಕೆ ಇರುವ ‘ಸಬೆರ್’ ಅನ್ನುವ ಕ್ರಿಯಾಪದದ ಕಡೆಯಿಂದ ಬಂದ ಪದ ಅದು. ಚಾವಿ, ಪಾದ್ರಿ ಅನ್ನುವ ಪೋರ್ಚುಗೀಸ್ ಪದಗಳನ್ನು ನಮ್ಮದೇ ಮಾಡಿಕೊಂಡ ಊರಿಗೆ ಇದು ದೂರದ ನೆಂಟ ಅನ್ನಬಹುದು.

‘ನೋ ಇಟ್ ಆಲ್’ ಬೈಗುಳ, ಎಲ್ಲ ತನಗೇ ಗೊತ್ತು ಅನ್ನುವವ. ಕ್ಲೂಡ್ ಅಪ್‌ನಲ್ಲಿ ಆ ಕೊಂಕು ಇಲ್ಲ. ವಿರುದ್ಧ ಪದ ‘ಕ್ಲೂಲೆಸ್’, ಅದು ಸ್ವಲ್ಪ ಒರಟು, ಎದುರಿಗೆ ಹೇಳಬೇಡಿ. "ಐ ಹ್ಯಾವಂಟ್ ಗಾಟ್ ಎ ಕ್ಲೂ" ಅಂತ ನಿಮ್ಮ ಬಗ್ಗೆಯೇ ಹೇಳಿಕೊಂಡರೆ ತೊಂದರೆಯಿಲ್ಲ, ನಂಗೆ ಒಂಚೂರೂ ಗೊತ್ತಿಲ್ಲ ಅಂತ.

ಇನ್ನು ನಮ್ಮಲ್ಲಿ "ಹಿ ಈಸ್ ವೆರಿ ಅಪ್‌ಡೇಟೆಡ್" ಅನ್ನುವ ಅಭ್ಯಾಸ ಇದೆ. ಬ್ರಿಟನ್ನಿನವರಿಗೆ ಅಪ್‌ಡೇಟ್ ಆಗುವುದು ಫೋನು, ಪಟ್ಟಿ, ಸುದ್ದಿ. ಮನುಷ್ಯರನ್ನು ಹಾಗೆ ಅನ್ನುವುದು ಅವರ ಕಿವಿಗೆ ವಿಚಿತ್ರ. ಆ ಜಾಗಕ್ಕೆ ಸರಿಯಾಗಿ ಕೂರುವ ಪದ ಇದೇ.

ಹಂತ 10: ಒಂದು ವಾರದ ಅಭ್ಯಾಸ

ದಿನಕ್ಕೆ ಒಬ್ಬರನ್ನು ಆರಿಸಿಕೊಳ್ಳಿ. ನಿಮಗೆ ನಿಜವಾಗಿ ಗೊತ್ತಿರುವವರು, ಸಿನಿಮಾದವರು ಬೇಡ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಯಾವ ನಂಬರಿನ ಬಸ್ಸು ಯಾವ ದಾರಿಯಲ್ಲಿ ಹೋಗುತ್ತದೆ ಅಂತ ಕೇಳಿದವರಿಗೆಲ್ಲ ಹೇಳುವ ಕಂಡಕ್ಟರ್. ಬ್ಯಾಂಕಿನ ಫಾರ್ಮು ತುಂಬಲು ಊರಿನವರಿಗೆಲ್ಲ ನೆರವಾಗುವ ಚಿಕ್ಕಮ್ಮ. ಉಡುಪಿ ಕೃಷ್ಣಮಠದ ಪೂಜೆಯ ಸರದಿ, ಅಂದರೆ ಮುಂದಿನ ಪರ್ಯಾಯ, ಅಷ್ಟಮಠಗಳಲ್ಲಿ ಯಾವುದರದ್ದು ಅಂತ ಎರಡು ವರ್ಷಕ್ಕೊಮ್ಮೆ ಬದಲಾಗುವ ಸರದಿಯನ್ನು ಬೆರಳೆಣಿಸಿ ಹೇಳುವ ಅಜ್ಜ. ಪ್ರತಿಯೊಬ್ಬರ ಬಗ್ಗೆ ಎರಡು ವಾಕ್ಯ ಬರೆಯಿರಿ. ಮೊದಲನೆಯದರಲ್ಲಿ ಕ್ಲೂಡ್ ಅಪ್ ಇರಲಿ, ವಿಷಯವೂ ಇರಲಿ. ಎರಡನೆಯದರಲ್ಲಿ ಅವರಿಗೆ ಗೊತ್ತಿರುವ ಒಂದು ಸಂಗತಿಯನ್ನೇ ಹೇಳಿ. ಎರಡನೆಯ ವಾಕ್ಯ ಬರೆಯಲು ಏನೂ ಸಿಗದಿದ್ದರೆ ಆ ವ್ಯಕ್ತಿಗೆ ಪದ ಹೊಂದುವುದಿಲ್ಲ ಅಂತ ಅರ್ಥ, ಬೇರೆಯವರನ್ನು ಆರಿಸಿ. ಏಳನೆಯ ದಿನ ನಿಮಗೆ ಗೊತ್ತಿಲ್ಲದ ವಿಷಯವೊಂದನ್ನು ಹಿಡಿದು ‘ನಾಟ್ ವೆರಿ ಕ್ಲೂಡ್ ಅಪ್’ ವಾಕ್ಯವನ್ನು ಯಾರಿಗಾದರೂ ಜೋರಾಗಿ ಹೇಳಿ.

ಆ ಹುಡುಗಿ ಮರುದಿನ ಬರೆದು ತಂದದ್ದು ತನ್ನ ಅಮ್ಮನ ಬಗ್ಗೆ, ಬೀಡಿ ಕಟ್ಟುವವರು ಅವರು. "ಮೈ ಮದರ್ ಈಸ್ ಕ್ಲೂಡ್ ಅಪ್ ಇನ್ ಬೀಡಿ ಲೀವ್ಸ್. ಶಿ ಕ್ಯಾನ್ ಟೆಲ್ ಎ ಬ್ಯಾಡ್ ಲೀಫ್ ಬೈ ಟಚ್." ನಾನು ‘ಇನ್’ ಹೊಡೆದು ‘ಅಬೌಟ್’ ಮಾಡಿದೆ. ಉಳಿದದ್ದನ್ನು ಮುಟ್ಟಲಿಲ್ಲ.